ಜಿನ್ಸೆಂಗ್ ಕೊಳ್ಳುವ ಮುನ್ನ: ಬಿಳಿ, ಕೆಂಪು, ಅಮೆರಿಕನ್, ಸಾನ್‌ಚೀ ಮತ್ತು ಅಗ್ಗದ ಬದಲಿಗಳಲ್ಲಿ ಯಾವುದು ಯಾರಿಗೆ?

ಜಿನ್ಸೆಂಗ್ ಎಂಬ ಒಂದೇ ಹೆಸರಿನಡಿ ಇಂದು ಮಾರುಕಟ್ಟೆಯಲ್ಲಿ ಸಿಗುವುದು ಒಂದೇ ಬೇರಲ್ಲ. ಕೊರಿಯಾಕ್ಕೆ ಹೋಗಿಬಂದವರು ಉಡುಗೊರೆಯಾಗಿ ತರುವ ಕಪ್ಪಗಿನ ಗಟ್ಟಿ ಸಾರ, ಸಿಂಗಪುರ ಅಥವಾ ಹಾಂಗ್‌ಕಾಂಗ್‌ನ ಚೀನೀ ಔಷಧದಂಗಡಿಯಲ್ಲಿ ತೂಗಿ ಕೊಡುವ ತೆಳ್ಳಗಿನ ಹೋಳುಗಳು, ನಮ್ಮೂರಿನ ಮೆಡಿಕಲ್ ಸ್ಟೋರಿನ ಮಲ್ಟಿವಿಟಮಿನ್ ಗುಳಿಗೆಯ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಕಾಣುವ ಹೆಸರು, ಆನ್‌ಲೈನಿನಲ್ಲಿ ‘ಸೈಬೀರಿಯನ್’ ಎಂಬ ವಿಶೇಷಣದೊಡನೆ ಬರುವ ಪುಡಿ, ಇವೆಲ್ಲವನ್ನೂ ಕೊಳ್ಳುವವರು ಕರೆಯುವುದು ಒಂದೇ ಹೆಸರಿನಿಂದ. ಒಳಗಿರುವ ಗಿಡ, ಅದನ್ನು ಸಂಸ್ಕರಿಸಿದ ಬಗೆ, ಪ್ರಮಾಣ ಮತ್ತು ದೇಹದ ಮೇಲಿನ ಪರಿಣಾಮ ಮಾತ್ರ ಒಂದೇ ಆಗಿರುವುದಿಲ್ಲ. ಆದುದರಿಂದ ಇವುಗಳಲ್ಲಿ ಶ್ರೇಷ್ಠವಾದುದು ಯಾವುದು ಎಂದು ಕೇಳುವುದಕ್ಕಿಂತ, ತೆಗೆದುಕೊಳ್ಳುವವರು ಯಾರು, ಯಾವ ತೊಂದರೆಗಾಗಿ, ಈಗಾಗಲೇ ಬೇರೆ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದನ್ನು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಬೇರಿನ ಬೆಲೆಯನ್ನೂ ಆಕಾರವನ್ನೂ ನೋಡಿ ಆರಿಸುವುದು ಹೆಚ್ಚು ಹಣ ಕಳೆದು ಕಡಿಮೆ ಫಲ ಪಡೆಯುವ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳು ಮುಂದೆ ಬರುತ್ತವೆ.

ಮೂಲ ಗಿಡ ಯಾವುದು

ಚೀನೀ ವೈದ್ಯದಲ್ಲಿ ರೆನ್‌ಶೆನ್ ಎಂದು ಕರೆಯಲಾಗುವ ಮೂಲ ಜಿನ್ಸೆಂಗ್‌ನ ಶಾಸ್ತ್ರೀಯ ಹೆಸರು ಪ್ಯಾನಾಕ್ಸ್ ಜಿನ್ಸೆಂಗ್. ಇದು ಅರಾಲಿಯೇಸಿ ಕುಟುಂಬಕ್ಕೆ ಸೇರಿದ, ನೆರಳಿನಲ್ಲಿ ನಿಧಾನವಾಗಿ ಬೆಳೆಯುವ ಬಹುವಾರ್ಷಿಕ ಗಿಡ. ಇದರ ತವರು ಚೀನಾದ ಈಶಾನ್ಯ ಭಾಗದ ಚಾಂಗ್‌ಬಾಯ್ ಬೆಟ್ಟಸಾಲು, ಕೊರಿಯಾ ಪರ್ಯಾಯ ದ್ವೀಪ ಮತ್ತು ಅದಕ್ಕೆ ತಾಗಿಕೊಂಡಿರುವ ರಷ್ಯಾದ ಪ್ರಿಮೋರ್ಯೆ ಪ್ರದೇಶ. ಚೀನಾದ ಅತಿ ಪ್ರಾಚೀನ ಔಷಧ ಗ್ರಂಥವಾದ ಶೆನ್‌ನೊಂಗ್ ಬೆನ್‌ತ್ಸಾವ್ ಜಿಂಗ್ ಔಷಧಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿ, ಬಹುಕಾಲ ಸೇವಿಸಬಹುದಾದ ಮೇಲಿನ ದರ್ಜೆಯಲ್ಲಿ ಈ ಬೇರನ್ನು ಇರಿಸಿದೆ. ಚೀನೀ ವೈದ್ಯರ ದೃಷ್ಟಿಯಲ್ಲಿ ಇದು ‘ಚೀ’ ಎಂಬ ಪ್ರಾಣಶಕ್ತಿಯನ್ನು ತುಂಬುವ ಔಷಧಗಳಲ್ಲಿ ಅಗ್ರಗಣ್ಯವಾದುದು. ಅತಿಯಾದ ರಕ್ತಸ್ರಾವದಿಂದಲೋ ದೀರ್ಘ ಕಾಯಿಲೆಯಿಂದಲೋ ಕುಸಿದುಹೋದ ರೋಗಿಗೆ ಈ ಬೇರೊಂದನ್ನೇ ಹೆಚ್ಚಿನ ಪ್ರಮಾಣದಲ್ಲಿ ಕುದಿಸಿ ಕೊಡುವ ‘ದು ಶೆನ್ ತಾಂಗ್’ ಎಂಬ ಕಷಾಯ ಅಲ್ಲಿನ ಪರಂಪರೆಯಲ್ಲಿ ಹೆಸರುವಾಸಿಯಾಗಿದೆ. ಅಂತಹ ಸ್ಥಿತಿಯಲ್ಲಿ ಇಂದು ಹೋಗಬೇಕಾದುದು ಆಸ್ಪತ್ರೆಗೆ. ಆದರೂ ಈ ಬೇರನ್ನು ಹುಟ್ಟಿದ ನೆಲದಲ್ಲಿ ದಿನನಿತ್ಯದ ಟಾನಿಕ್‌ ಎನ್ನುವುದಕ್ಕಿಂತ ಬಲಗುಂದಿದವರ ಔಷಧವೆಂದು ಎಣಿಸಿದ್ದರು ಎಂಬುದನ್ನು ಈ ಕಷಾಯದಿಂದ ತಿಳಿಯಬಹುದು.

ಆಧುನಿಕ ರಸಾಯನಶಾಸ್ತ್ರದ ಪ್ರಕಾರ ಪ್ಯಾನಾಕ್ಸ್ ಕುಲದ ಬೇರುಗಳಲ್ಲಿ ಕೆಲಸ ಮಾಡುವ ಮುಖ್ಯ ವಸ್ತುಗಳು ಜಿನ್ಸೆನೊಸೈಡ್ ಎಂಬ ಸ್ಯಾಪೋನಿನ್‌ಗಳು, ಅಂದರೆ ಸಕ್ಕರೆಯ ಅಣುಗಳು ಅಂಟಿಕೊಂಡಿರುವ, ನೀರಿನಲ್ಲಿ ನೊರೆ ಬರಿಸುವ ಸಸ್ಯವಸ್ತುಗಳು. ಇವುಗಳಲ್ಲಿ ಹಲವಾರು ಬಗೆಗಳಿದ್ದು, ಆರ್‌ಬಿ1, ಆರ್‌ಜಿ1, ಆರ್‌ಇ ಎಂಬ ಸಂಕೇತಗಳಿಂದ ಅವುಗಳನ್ನು ಗುರುತಿಸುತ್ತಾರೆ. ಯಾವ ಜಾತಿಯ ಬೇರಿನಲ್ಲಿ ಯಾವ ಜಿನ್ಸೆನೊಸೈಡ್ ಎಷ್ಟಿದೆ ಎಂಬುದೇ ಈ ಹೋಲಿಕೆಯ ಒಂದು ಗಟ್ಟಿಯಾದ ಆಧಾರ. ಇದರ ಜೊತೆಗೆ ಇನ್ನೊಂದು ವಿಷಯವನ್ನೂ ನೆನಪಿಡಬೇಕು. ಈ ಸ್ಯಾಪೋನಿನ್‌ಗಳು ಇದ್ದ ರೂಪದಲ್ಲೇ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಒಡೆದು ‘ಕಾಂಪೌಂಡ್ ಕೆ’ಯಂತಹ ಚಿಕ್ಕ ಅಣುಗಳಾಗಿ ಮಾರ್ಪಡಿಸಿದ ಮೇಲೆಯೇ ಅವು ಚೆನ್ನಾಗಿ ಹೀರಿಕೆಯಾಗುತ್ತವೆ. ಕರುಳಿನ ಬ್ಯಾಕ್ಟೀರಿಯಾಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುವುದರಿಂದ, ಒಂದೇ ಡಬ್ಬಿಯ ಸಾರ ಒಬ್ಬರಿಗೆ ಹಿಡಿಸಿ ಮತ್ತೊಬ್ಬರಿಗೆ ಏನೂ ಅನ್ನಿಸದೆ ಹೋಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಬಿಳಿಯೋ ಕೆಂಪೋ

ಬಿಳಿ ಜಿನ್ಸೆಂಗ್ ಮತ್ತು ಕೆಂಪು ಜಿನ್ಸೆಂಗ್ ಎರಡು ಬೇರೆ ಗಿಡಗಳೆಂದು ಭಾವಿಸುವವರು ಬಹಳ ಮಂದಿ. ವಾಸ್ತವದಲ್ಲಿ ಎರಡೂ ಒಂದೇ ಗಿಡದ ಬೇರುಗಳು. ಅಗೆದು ತೊಳೆದ ಹಸಿ ಬೇರಿನ ಸಿಪ್ಪೆಯನ್ನು ತೆಳ್ಳಗೆ ಹೆರೆದು, ಅಥವಾ ಹೆರೆಯದೆಯೇ, ಒಣಗಿಸಿದರೆ ಅದು ಬಿಳಿ. ಸಿಪ್ಪೆ ಸಹಿತ ಬೇರನ್ನು 95ರಿಂದ 100 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಎರಡು ಮೂರು ಗಂಟೆ ಬೇಯಿಸಿ, ಆಮೇಲೆ ಒಣಗಿಸಿದರೆ ಒಳಗಿನ ಪಿಷ್ಟ ಅಂಟಿನಂತಾಗಿ ಬೇರು ಗಟ್ಟಿಯಾಗುತ್ತದೆ, ಬಣ್ಣ ಕಂದುಗೆಂಪಿಗೆ ತಿರುಗುತ್ತದೆ. ಅದೇ ಕೆಂಪು ಜಿನ್ಸೆಂಗ್. ಬೇಯಿಸುವುದರಿಂದ ಹುಳ ಹಿಡಿಯದೆ ಬಹುಕಾಲ ಉಳಿಯುತ್ತದೆ ಎಂಬುದು ಇದರ ಒಂದು ಲಾಭ. ಆದರೆ ಬದಲಾವಣೆ ಅಷ್ಟಕ್ಕೇ ನಿಲ್ಲುವುದಿಲ್ಲ. ಶಾಖಕ್ಕೆ ಸಿಕ್ಕ ಕೆಲವು ಜಿನ್ಸೆನೊಸೈಡ್‌ಗಳು ತಮಗೆ ಅಂಟಿಕೊಂಡ ಸಕ್ಕರೆಯ ಅಣುಗಳನ್ನು ಕಳೆದುಕೊಂಡು ಆರ್‌ಜಿ3, ಆರ್‌ಎಚ್2, ಆರ್‌ಜಿ5 ಮುಂತಾದ, ಹಸಿ ಬೇರಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನಬಹುದಾದ ವಸ್ತುಗಳಾಗುತ್ತವೆ. ಹಾಗಾಗಿ ರಾಸಾಯನಿಕವಾಗಿ ಕೆಂಪು ಜಿನ್ಸೆಂಗ್ ಬಿಳಿಯದಕ್ಕಿಂತ ನಿಜವಾಗಿಯೂ ಭಿನ್ನ.

ಸಂಪ್ರದಾಯದ ಭಾಷೆಯಲ್ಲಿ ಹೇಳುವುದಾದರೆ, ನಮ್ಮಲ್ಲಿ ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು ಎಂದು ಎಣಿಸುವಂತೆ, ಚೀನೀ ವೈದ್ಯರೂ ಔಷಧಗಳಿಗೆ ಉಷ್ಣ ಮತ್ತು ಶೀತ ಗುಣಗಳನ್ನು ಆರೋಪಿಸುತ್ತಾರೆ. ಬಿಳಿ ಜಿನ್ಸೆಂಗ್ ಸ್ವಲ್ಪ ಬೆಚ್ಚಗಿನದು, ಕೆಂಪು ಸ್ಪಷ್ಟವಾಗಿ ಉಷ್ಣ ಎಂಬುದು ಅವರ ಎಣಿಕೆ. ಕೈಕಾಲು ತಣ್ಣಗಿರುವ, ಚಳಿ ತಡೆಯಲಾರದ, ಜೀರ್ಣಶಕ್ತಿ ಕುಗ್ಗಿದ, ವಯಸ್ಸಾದ ದುರ್ಬಲರಿಗೆ ಕೆಂಪನ್ನು ಹೇಳುತ್ತಾರೆ. ಮುಖ ಕೆಂಪಾಗಿರುವ, ಬಾಯಿ ಒಣಗುವ, ನಿದ್ದೆ ಹತ್ತದ, ರಕ್ತದೊತ್ತಡ ಹೆಚ್ಚಿರುವ ವ್ಯಕ್ತಿಗೆ ಅದನ್ನು ಬೇಡವೆನ್ನುತ್ತಾರೆ. ಉಷ್ಣ ಶೀತಗಳ ಸಿದ್ಧಾಂತವನ್ನು ಒಪ್ಪದಿದ್ದವರೂ ಈ ಎಚ್ಚರಿಕೆಯನ್ನು ಕಡೆಗಣಿಸಬಾರದು, ಏಕೆಂದರೆ ಜಿನ್ಸೆಂಗ್ ಸೇವಿಸಿದವರಲ್ಲಿ ಆಧುನಿಕ ವೈದ್ಯರು ದಾಖಲಿಸಿರುವ ಸಾಮಾನ್ಯ ತೊಂದರೆಗಳಲ್ಲಿ ನಿದ್ರಾಹೀನತೆ, ತಲೆನೋವು ಮತ್ತು ಚಡಪಡಿಕೆ ಸೇರಿವೆ.

ಕೆಂಪು ಜಿನ್ಸೆಂಗ್‌ನ ಖ್ಯಾತಿ ಬಹುಪಾಲು ಕೊರಿಯಾದ್ದು. ಅಲ್ಲಿ ಆರು ವರ್ಷ ಬೆಳೆದ ಬೇರಿನಿಂದ ಅದನ್ನು ಮಾಡುತ್ತಾರೆ. ನೋಟ ಮತ್ತು ಒಳಗಿನ ಸಾಂದ್ರತೆಯನ್ನು ನೋಡಿ ‘ಸ್ವರ್ಗ’, ‘ಭೂಮಿ’, ‘ಉತ್ತಮ’ ಎಂಬ ಮೂರು ದರ್ಜೆಗಳಿಗೆ ಸೇರಿಸುತ್ತಾರೆ. 1996ರವರೆಗೆ ಕೆಂಪು ಜಿನ್ಸೆಂಗ್ ತಯಾರಿಕೆ ದಕ್ಷಿಣ ಕೊರಿಯಾದಲ್ಲಿ ಸರ್ಕಾರದ ಏಕಸ್ವಾಮ್ಯವಾಗಿತ್ತು. ಪುರುಷರ ಲೈಂಗಿಕ ದೌರ್ಬಲ್ಯಕ್ಕೆ ಇದು ರಾಮಬಾಣವೆಂಬ ಪ್ರಚಾರವೂ ಜೊತೆಗೇ ಬೆಳೆದುಬಂದಿದೆ. ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವಿಮರ್ಶೆಯ ತೀರ್ಮಾನವಾದರೋ, ಪ್ರಮಾಣಿತ ಅಳತೆಗೋಲಿನಲ್ಲಿ ನೋಡಿದಾಗ ಪರಿಣಾಮ ತೀರಾ ನಗಣ್ಯವಾಗಿರಬಹುದು ಎಂಬುದೇ ಆಗಿದೆ. ಬುದ್ಧಿಶಕ್ತಿ ಹೆಚ್ಚಿಸುತ್ತದೆ ಎಂಬ ಇನ್ನೊಂದು ಮಾತಿಗೂ ಒಪ್ಪಿಸುವಂತಹ ಪುರಾವೆ ಇಲ್ಲವೆಂದು 2010ರ ಕಾಕ್ರೇನ್ ವಿಮರ್ಶೆ ಹೇಳಿತ್ತು. ಈ ಎರಡು ಕಾರಣಗಳಿಗಾಗಿ ದುಬಾರಿ ಡಬ್ಬಿ ಕೊಳ್ಳುವವರು ಹಣವನ್ನು ಉಳಿಸಿಕೊಳ್ಳುವುದೇ ಲೇಸು. ಆಯಾಸ ಮತ್ತು ನಿತ್ರಾಣಕ್ಕೆ ಪಾರಂಪರಿಕ ಬಳಕೆಯ ಆಧಾರದ ಮೇಲೆ ಇದನ್ನು ಮೂರು ತಿಂಗಳವರೆಗೆ ಸೇವಿಸಬಹುದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಒಪ್ಪುತ್ತದೆ. ಆದರೆ ಅದು ಪ್ರಯೋಗಗಳಿಂದ ಸಾಬೀತಾದುದಕ್ಕೆ ನೀಡುವ ಮನ್ನಣೆಯಲ್ಲ, ದೀರ್ಘ ಬಳಕೆಗೆ ನೀಡುವ ಮನ್ನಣೆ.

ಅಮೆರಿಕನ್ ಜಿನ್ಸೆಂಗ್: ತಂಪಿನ ಬೇರು, ಉತ್ತಮ ಪುರಾವೆ

ಚೀನಾದ ಔಷಧದಂಗಡಿಯಲ್ಲಿ ಉತ್ತರ ಅಮೆರಿಕದ ಕಾಡಿನ ಬೇರೊಂದು ಗೌರವದ ಸ್ಥಾನ ಪಡೆದ ಕಥೆ ಸ್ವಾರಸ್ಯಕರವಾಗಿದೆ. ಮಂಚೂರಿಯಾದಲ್ಲಿ ಭೂಪಟ ರಚನೆಗಾಗಿ ಸುತ್ತುತ್ತಿದ್ದ ಜೆಸ್ವಿಟ್ ಪಾದ್ರಿ ಪಿಯರ್ ಝಾರ್ತೂ 1709ರಲ್ಲಿ ಈ ಗಿಡವನ್ನು ಕಂಡು, ಅದರ ವರ್ಣನೆಯನ್ನು ಯುರೋಪಿಗೆ ಬರೆದು ಕಳುಹಿಸಿದರು. ಅಂತಹುದೇ ಹವೆಯಿರುವ ಕೆನಡಾದಲ್ಲೂ ಈ ಗಿಡ ಇರಬಹುದೆಂಬ ಅವರ ಊಹೆಯನ್ನು ಓದಿದ ಇನ್ನೊಬ್ಬ ಜೆಸ್ವಿಟ್, ಜೋಸೆಫ್ ಫ್ರಾನ್ಸ್ವಾ ಲಾಫಿತೋ, 1716ರಲ್ಲಿ ಮಾಂಟ್ರಿಯಲ್ ಬಳಿಯ ಮೋಹಾಕ್ ಜನರ ನೆಲದಲ್ಲಿ ಅದರ ಹತ್ತಿರದ ಬಂಧುವನ್ನು ಪತ್ತೆ ಹಚ್ಚಿದರು. ಆ ಜನ ಅದನ್ನು ಔಷಧವಾಗಿ ಮೊದಲೇ ಬಲ್ಲವರಾಗಿದ್ದರು. ಅಲ್ಲಿಂದ ಚೀನಾಕ್ಕೆ ರಫ್ತು ಆರಂಭವಾಯಿತು. ಸ್ವತಂತ್ರ ಅಮೆರಿಕದಿಂದ ಚೀನಾಕ್ಕೆ 1784ರಲ್ಲಿ ಹೊರಟ ಮೊದಲ ವ್ಯಾಪಾರಿ ಹಡಗಿನ ಮುಖ್ಯ ಸರಕೂ ಈ ಬೇರೇ ಆಗಿತ್ತು. ಇದರ ಶಾಸ್ತ್ರೀಯ ಹೆಸರು ಪ್ಯಾನಾಕ್ಸ್ ಕ್ವಿಂಕ್ವಿಫೋಲಿಯಸ್. ಚೀನೀಯರು ಷಿಯಾಂಗ್‌ಶೆನ್ ಎನ್ನುತ್ತಾರೆ. ಕಾಡಿನ ಬೇರಿನ ವ್ಯಾಪಾರ 1975ರಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಒಳಪಟ್ಟಿದೆ. ಇಂದು ಅಂಗಡಿಗೆ ಬರುವುದು ಬಹುಪಾಲು ಸಾಗುವಳಿಯ ಬೇರು. ಅಮೆರಿಕದಲ್ಲಿ ಅದರ ಕೇಂದ್ರ ವಿಸ್ಕಾನ್ಸಿನ್ ರಾಜ್ಯದ ಮ್ಯಾರಥಾನ್ ಕೌಂಟಿ, ಕೆನಡಾದಲ್ಲಿ ಒಂಟಾರಿಯೊ. ಚೀನಾದಲ್ಲೂ ಈಗ ಇದನ್ನು ಬೆಳೆಯುತ್ತಾರೆ.

ಏಷ್ಯಾದ ಬೇರಿಗೂ ಇದಕ್ಕೂ ಇರುವ ವ್ಯತ್ಯಾಸ ಅಳೆಯಬಹುದಾದದ್ದು. ಇದರಲ್ಲಿ ಆರ್‌ಬಿ1 ಹೆಚ್ಚು, ಆರ್‌ಜಿ1 ಕಡಿಮೆ. ಆರ್‌ಎಫ್ ಎಂಬ ಜಿನ್ಸೆನೊಸೈಡ್ ಏಷ್ಯಾದ ಬೇರಿನಲ್ಲಿ ಮಾತ್ರ ಸಿಗುತ್ತದೆ, ಎಫ್11 ಎಂಬ ಇನ್ನೊಂದು ವಸ್ತು ಅಮೆರಿಕದ ಬೇರಿನ ಗುರುತು. ಪ್ರಯೋಗಾಲಯದಲ್ಲಿ ಕಲಬೆರಕೆ ಪತ್ತೆ ಹಚ್ಚುವುದು ಈ ಎರಡರ ಸಹಾಯದಿಂದಲೇ. ಚೀನಾದ ಅಧಿಕೃತ ಔಷಧಸಂಹಿತೆಯ ಕನಿಷ್ಠ ಮಿತಿಗಳನ್ನು ನೋಡಿದರೆ ಅಂತರ ಇನ್ನೂ ಸ್ಪಷ್ಟವಾಗುತ್ತದೆ: ಏಷ್ಯಾದ ಒಣ ಬೇರಿನಲ್ಲಿ ಆರ್‌ಜಿ1 ಮತ್ತು ಆರ್‌ಇ ಸೇರಿ ಶೇ. 0.30 ಹಾಗೂ ಆರ್‌ಬಿ1 ಶೇ. 0.20 ಇದ್ದರೆ ಸಾಕು. ಅಮೆರಿಕದ ಬೇರಿನಲ್ಲಿ ಈ ಮೂರೂ ಸೇರಿ ಶೇ. 2.0ಕ್ಕಿಂತ ಕಡಿಮೆ ಇರುವಂತಿಲ್ಲ. ಚೀನೀ ವೈದ್ಯರು ಇದನ್ನು ತಂಪಿನ ಬೇರೆಂದು ಎಣಿಸಿ, ಒಣಕೆಮ್ಮು, ಬಾಯಾರಿಕೆ, ಒಳಜ್ವರ, ಬಿಸಿಲಿನಿಂದಾದ ನಿಶ್ಶಕ್ತಿ ಇವುಗಳಿಗೆ ಹೇಳುತ್ತಾರೆ. ದಕ್ಷಿಣ ಚೀನಾ, ಹಾಂಗ್‌ಕಾಂಗ್, ಸಿಂಗಪುರಗಳಂತಹ ಸೆಕೆಯ ಊರುಗಳಲ್ಲಿ ಮನೆಬಳಕೆಗೆ ಕೆಂಪಿಗಿಂತ ಇದೇ ಹೆಚ್ಚು ಇಷ್ಟವಾಗಿರುವುದಕ್ಕೆ ಇದು ಕಾರಣ. ಆ ತರ್ಕವನ್ನು ಒಪ್ಪುವವರಿಗೆ ಕರಾವಳಿಯ ಮಂಗಳೂರಿಗೂ ಬಿಸಿಲಿನ ರಾಯಚೂರಿಗೂ ಹೊಂದುವ ಬೇರು ಇದೇ.

ಮನುಷ್ಯರ ಮೇಲಿನ ಪ್ರಯೋಗಗಳ ಗುಣಮಟ್ಟದಲ್ಲೂ ಅಮೆರಿಕನ್ ಜಿನ್ಸೆಂಗ್ ಸ್ವಲ್ಪ ಮುಂದಿದೆ ಎಂದು ನನಗೆ ತೋರುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾನ್ಸರ್ ಸಂಬಂಧಿ ಆಯಾಸದಿಂದ ಬಳಲುತ್ತಿದ್ದ 364 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 2 ಗ್ರಾಂ ವಿಸ್ಕಾನ್ಸಿನ್ ಬೇರಿನ ಪುಡಿಯನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ ಕೊಟ್ಟರು. ನಾಲ್ಕು ವಾರಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎಂಟು ವಾರಗಳಲ್ಲಿ ಕಂಡಿತು. ಬೇಗ ಫಲ ಸಿಗಲಿಲ್ಲವೆಂದು ಹತ್ತು ದಿನಕ್ಕೇ ಡಬ್ಬಿ ಮುಚ್ಚಿಡುವವರೂ, ಮೊದಲ ದಿನವೇ ಶಕ್ತಿ ಬಂತೆಂದು ಹೇಳುವವರೂ ಗಮನಿಸಬೇಕಾದ ಫಲಿತಾಂಶವಿದು. ನೆಗಡಿ ತಡೆಯುವ ವಿಷಯದಲ್ಲಿ 2005ರ ಕೆನಡಾ ಅಧ್ಯಯನವೊಂದು 323 ಜನರಲ್ಲಿ ನಾಲ್ಕು ತಿಂಗಳ ಅವಧಿಯಲ್ಲಿ ಸರಾಸರಿ ನೆಗಡಿಗಳ ಸಂಖ್ಯೆ ಹುಸಿಮಾತ್ರೆಯ ಗುಂಪಿನಲ್ಲಿ 0.93, ಜಿನ್ಸೆಂಗ್ ಗುಂಪಿನಲ್ಲಿ 0.68 ಇದ್ದುದನ್ನು ತೋರಿಸಿತು. ಆದರೆ ಅಲ್ಲಿ ಬಳಸಿದ್ದು ಬೇರಿನ ಪಾಲಿಸ್ಯಾಕರೈಡ್‌ಗಳೆಂಬ ಉದ್ದನೆಯ ಸಕ್ಕರೆ ಸರಪಳಿಗಳನ್ನು ಬೇರ್ಪಡಿಸಿ ಮಾಡಿದ ವಿಶೇಷ ಸಾರ. ಅದರ ಫಲಿತಾಂಶವನ್ನು ಚಹಾದಲ್ಲಿ ಹಾಕಿ ಕುಡಿಯುವ ಹೋಳುಗಳಿಗೆ ಅನ್ವಯಿಸುವ ಜಾಹೀರಾತುಗಳು ದಾರಿತಪ್ಪಿಸುತ್ತವೆ. ಊಟದ ನಂತರದ ರಕ್ತದ ಸಕ್ಕರೆಯನ್ನು ಇದು ತಗ್ಗಿಸುತ್ತದೆ ಎಂದು ತೋರಿಸಿದ 2000ದ ಅಧ್ಯಯನದಲ್ಲಿ ಇದ್ದವರು ಇಪ್ಪತ್ತಕ್ಕೂ ಕಡಿಮೆ ಜನ. ಕೊಟ್ಟದ್ದು 3 ಗ್ರಾಂ. ಅದನ್ನು ಸಕ್ಕರೆ ಕಾಯಿಲೆಗೆ ಚಿಕಿತ್ಸೆಯೆಂದು ಭಾವಿಸುವುದಕ್ಕಿಂತ, ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅತಿಯಾಗಿ ಇಳಿಯಬಹುದೆಂಬ ಎಚ್ಚರಿಕೆಯೆಂದು ಓದುವುದು ಸರಿ.

ಸಾನ್‌ಚೀ: ಟಾನಿಕ್ ಅಲ್ಲ

ಪ್ಯಾನಾಕ್ಸ್ ಕುಲದ ಮೂರನೆಯ ಮುಖ್ಯ ಬೇರು ಸಾನ್‌ಚೀ, ಇನ್ನೊಂದು ಹೆಸರು ತಿಯಾನ್‌ಚೀ. ಇದು ಯುನ್ನಾನ್ ಪ್ರಾಂತ್ಯದ ವೆನ್‌ಶಾನ್ ಸೀಮೆಯ ಬೆಳೆ. ಹದಿನಾರನೆಯ ಶತಮಾನದ ವೈದ್ಯ ಲೀ ಶಿಝೆನ್ ತಮ್ಮ ಬೃಹತ್ ಔಷಧ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾರೆ. ಗಾಯದ ರಕ್ತ ನಿಲ್ಲಿಸುವುದು ಮತ್ತು ಅದೇ ವೇಳೆ ಹೆಪ್ಪುಗಟ್ಟಿದ ರಕ್ತವನ್ನು ಚದುರಿಸುವುದು, ಈ ಎರಡು ವಿರುದ್ಧ ಕೆಲಸಗಳನ್ನೂ ಇದು ಮಾಡುತ್ತದೆಂಬುದು ಚೀನೀ ವೈದ್ಯರ ನಂಬಿಕೆ. 1902ರಲ್ಲಿ ರೂಪುಗೊಂಡ, ಚೀನೀ ಸೈನಿಕರು ಜೊತೆಗಿಟ್ಟುಕೊಳ್ಳುತ್ತಿದ್ದ ಪ್ರಸಿದ್ಧ ಗಾಯದ ಪುಡಿ ‘ಯುನ್ನಾನ್ ಬಾಯ್‌ಯಾವ್’ನಲ್ಲಿ ಇದೇ ಪ್ರಧಾನ ಮೂಲಿಕೆ. ರಸಾಯನಶಾಸ್ತ್ರ ಆ ನಂಬಿಕೆಗೆ ಭಾಗಶಃ ಬೆಂಬಲ ಕೊಡುತ್ತದೆ: ಡೆನ್ಸಿಚೀನ್ ಎಂಬ ಅಮೈನೋ ಆಮ್ಲ ರಕ್ತಸ್ರಾವವನ್ನು ತಡೆಯುವ ಗುಣ ಉಳ್ಳದ್ದು, ಸ್ಯಾಪೋನಿನ್‌ಗಳು ರಕ್ತದ ಕಿರುಬಿಲ್ಲೆಗಳು ಅಂಟಿಕೊಳ್ಳುವುದನ್ನು ತಗ್ಗಿಸುತ್ತವೆ. ಸ್ಯಾಪೋನಿನ್ ಪ್ರಮಾಣದಲ್ಲಿ ಈ ಬೇರು ಎಲ್ಲರಿಗಿಂತ ಮುಂದು. ಔಷಧಸಂಹಿತೆಯಲ್ಲಿ ಇದರ ಕನಿಷ್ಠ ಮಿತಿ ಶೇ. 5.0.

ಸ್ಯಾಪೋನಿನ್ ಹೆಚ್ಚಿದೆ ಎಂದ ಮಾತ್ರಕ್ಕೆ ಇದು ಹೆಚ್ಚು ಒಳ್ಳೆಯದೆಂದು ತಿಳಿಯುವುದು ಈ ಇಡೀ ಹೋಲಿಕೆಯಲ್ಲಿ ಮಾಡಬಹುದಾದ ಅಪಾಯಕಾರಿ ತಪ್ಪು. ಸಾನ್‌ಚೀಯ ಸ್ಯಾಪೋನಿನ್‌ಗಳಿಂದ ಮಾಡಿದ ‘ಷುವೆಸಾಯ್‌ತೊಂಗ್’ ಗುಳಿಗೆಯನ್ನು ಮಿದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದವರಲ್ಲಿ ಪರೀಕ್ಷಿಸಿ, 2023ರಲ್ಲಿ ಪ್ರಕಟಿಸಿದ ಚೀನಾದ ಪ್ರಯೋಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರಾದವರು ಔಷಧದ ಗುಂಪಿನಲ್ಲಿ ಶೇ. 89ರಷ್ಟು, ಹುಸಿಮಾತ್ರೆಯ ಗುಂಪಿನಲ್ಲಿ ಶೇ. 82ರಷ್ಟು. ಗಮನ ಸೆಳೆಯುವ ಫಲಿತಾಂಶವೇ ಹೌದು. ಆದರೆ ಅದು ಆಸ್ಪತ್ರೆಯ ನಿಗಾದಲ್ಲಿ ಪ್ರಮಾಣೀಕೃತ ಗುಳಿಗೆಯಿಂದ ಬಂದದ್ದು. ಪಾರ್ಶ್ವವಾಯುವಿನ ನಂತರ ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುತ್ತಿರುವ ತಂದೆಗೆ ಮಗ ಅಂಗಡಿಯಿಂದ ಸಾನ್‌ಚೀ ಪುಡಿ ತಂದು ಹಾಲಿಗೆ ಬೆರೆಸಿ ಕೊಡುವುದು ಬೇರೆ ವಿಷಯ. ಅದು ರಕ್ತಸ್ರಾವಕ್ಕೆ ದಾರಿಯಾಗಬಹುದು. ಗರ್ಭಿಣಿಯರು ಎಚ್ಚರ ವಹಿಸಬೇಕೆಂದು ಚೀನಾದ ಔಷಧಸಂಹಿತೆಯೇ ಹೇಳುತ್ತದೆ. ಸ್ವಂತ ತೀರ್ಮಾನದಿಂದ ಕೊಳ್ಳಬೇಕಾದ ಬೇರುಗಳ ಪಟ್ಟಿಯಲ್ಲಿ ಸಾನ್‌ಚೀಯನ್ನು ನಾನು ಸೇರಿಸುವುದಿಲ್ಲ.

ಹೆಸರಿನಲ್ಲಿ ಮಾತ್ರ ಜಿನ್ಸೆಂಗ್

ಬಡವರ ಜಿನ್ಸೆಂಗ್ ಎಂದು ಕರೆಸಿಕೊಳ್ಳುವ ದಾಂಗ್‌ಶೆನ್, ಅಂದರೆ ಕೊಡೊನಾಪ್ಸಿಸ್, ಬೇರೆಯದೇ ಕುಟುಂಬದ ಬಳ್ಳಿ. ಅದರಲ್ಲಿ ಜಿನ್ಸೆನೊಸೈಡ್‌ಗಳಿಲ್ಲ. ಸಿಹಿಯಾದ, ಮೆತ್ತಗಿನ ಈ ಬೇರನ್ನು ಚೀನೀ ಅಡುಗೆಮನೆಗಳಲ್ಲಿ ಕೆಂಪು ಬೋರೆಹಣ್ಣಿನೊಂದಿಗೆ ಸೂಪಿಗೆ ಹಾಕುತ್ತಾರೆ. ಕಷಾಯಗಳಲ್ಲಿ ಜಿನ್ಸೆಂಗ್ ಬದಲು ಇದನ್ನು ಹಾಕುವಾಗ ಪ್ರಮಾಣವನ್ನು ಹೆಚ್ಚಿಸುವುದು ರೂಢಿ: ಜಿನ್ಸೆಂಗ್‌ಗೆ ದಿನಕ್ಕೆ 3ರಿಂದ 9 ಗ್ರಾಂ ಎಂದಿದ್ದರೆ ಇದಕ್ಕೆ 9ರಿಂದ 30 ಗ್ರಾಂ. ಪರಿಣಾಮ ಮಂದ, ಬೆಲೆ ಕಡಿಮೆ. ಚೀನೀ ಶೈಲಿಯ ಸೂಪಿನ ರುಚಿಗಾಗಿ ಬೇರು ಹುಡುಕುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಸೈಬೀರಿಯನ್ ಜಿನ್ಸೆಂಗ್ ಎಂಬ ಹೆಸರಿನಲ್ಲಿ ಬರುವುದು ಎಲ್ಯೂಥೆರೊಕಾಕಸ್ ಸೆಂಟಿಕೋಸಸ್ ಎಂಬ ಮುಳ್ಳುಪೊದೆ. ಕುಟುಂಬ ಅದೇ, ಕುಲ ಬೇರೆ, ಒಳಗಿನ ವಸ್ತುಗಳು ಪೂರ್ತಿ ಬೇರೆ. ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಝರೆವ್ 1947ರಲ್ಲಿ ಮುಂದಿಟ್ಟ ‘ಅಡಾಪ್ಟೋಜೆನ್’ (ಒತ್ತಡವನ್ನು ತಾಳಿಕೊಳ್ಳಲು ದೇಹಕ್ಕೆ ನೆರವಾಗುವ ವಸ್ತು) ಎಂಬ ಕಲ್ಪನೆಯನ್ನು ಇಸ್ರಾಯೆಲ್ ಬ್ರೆಖ್ಮನ್ ಮುಂದುವರಿಸಿ, ದುಬಾರಿ ಜಿನ್ಸೆಂಗ್‌ಗೆ ದೇಶದೊಳಗೇ ಹೇರಳವಾಗಿ ಸಿಗುವ ಬದಲಿಯಾಗಿ ಇದನ್ನು ಪ್ರಚಾರಕ್ಕೆ ತಂದರು. ಅಮೆರಿಕದ 2002ರ ಕೃಷಿ ಕಾಯಿದೆ ಪ್ಯಾನಾಕ್ಸ್ ಕುಲಕ್ಕೆ ಸೇರದ ಯಾವುದನ್ನೂ ಜಿನ್ಸೆಂಗ್ ಎಂದು ಮಾರದಂತೆ ತಡೆಯಿತು. ಬೇರೆಡೆ ಹಳೆಯ ಹೆಸರು ಇನ್ನೂ ಓಡುತ್ತಿದೆ. 1990ರಲ್ಲಿ ಕೆನಡಾದಲ್ಲಿ ತಾಯಿಯೊಬ್ಬರು ಗರ್ಭಿಣಿಯಾಗಿದ್ದಾಗ ಸೇವಿಸಿದ ‘ಸೈಬೀರಿಯನ್ ಜಿನ್ಸೆಂಗ್’ನಿಂದ ಮಗುವಿಗೆ ಅತಿರೋಮ ಬಂತೆಂಬ ವರದಿ ಬಂದಿತ್ತು. ಆ ಗುಳಿಗೆಯಲ್ಲಿ ಇದ್ದದ್ದು ಆ ಗಿಡವೇ ಅಲ್ಲ, ಪೆರಿಪ್ಲೋಕಾ ಎಂಬ ಇನ್ನೊಂದರ ತೊಗಟೆ ಎಂದು ಆಮೇಲೆ ತಿಳಿದುಬಂತು. ಈ ಗುಂಪಿನ ಪುಡಿಗಳನ್ನು ಕೊಳ್ಳುವಾಗ ನೆನಪಿನಲ್ಲಿರಬೇಕಾದ ಪ್ರಸಂಗವಿದು.

‘ಇಂಡಿಯನ್ ಜಿನ್ಸೆಂಗ್’ ಎಂಬ ಹಣೆಪಟ್ಟಿಯಲ್ಲಿ ಮಾರುವುದು ನಮ್ಮ ಅಶ್ವಗಂಧ, ಹಳ್ಳಿಗಳಲ್ಲಿ ಹಿರೇಮದ್ದು ಎನ್ನುವ ಗಿಡ. ಅದು ಬದನೆ, ಟೊಮೆಟೊಗಳ ಕುಟುಂಬದ್ದು. ಅದರ ಗುಣದೋಷಗಳು ಅದರವೇ. ಜಿನ್ಸೆಂಗ್ ಕುರಿತ ಯಾವ ಅಧ್ಯಯನವೂ ಅದಕ್ಕೆ ಅನ್ವಯಿಸುವುದಿಲ್ಲ.

ಬೇರು, ಸಾರ, ಗುಳಿಗೆ: ಹಣ ಎಲ್ಲಿಗೆ ಹೋಗುತ್ತದೆ

ಇಡೀ ಬೇರಿನ ಬೆಲೆ ನಿರ್ಧಾರವಾಗುವುದು ವಯಸ್ಸು, ಗಾತ್ರ ಮತ್ತು ಮನುಷ್ಯಾಕೃತಿಯ ಹೋಲಿಕೆಯಿಂದ. ಗಿಡದ ಕಾಂಡ ಪ್ರತಿ ವರ್ಷ ಒಣಗಿ ಬಿದ್ದಾಗ ಬೇರಿನ ಕತ್ತಿನ ಮೇಲೆ ಒಂದು ಗುರುತು ಉಳಿಯುತ್ತದೆ. ಅವುಗಳನ್ನು ಎಣಿಸಿ ವಯಸ್ಸು ಹೇಳುತ್ತಾರೆ. ಸಾನ್‌ಚೀಯಲ್ಲಿ ಅರ್ಧ ಕಿಲೋಗೆ ಎಷ್ಟು ಗೆಡ್ಡೆ ತೂಗುತ್ತವೆ ಎಂಬುದರ ಮೇಲೆ ದರ್ಜೆ. ಸಂಖ್ಯೆ ಕಡಿಮೆಯಾದಷ್ಟೂ ಬೆಲೆ ಹೆಚ್ಚು. ಆದರೆ ಜಿನ್ಸೆನೊಸೈಡ್‌ಗಳು ದಪ್ಪ ನಡುಬೇರಿಗಿಂತ ಕೂದಲಿನಂತಹ ಕಿರುಬೇರುಗಳಲ್ಲಿ ಹೆಚ್ಚು ಸಾಂದ್ರವಾಗಿರುತ್ತವೆ. ಅಂದರೆ ಕತ್ತರಿಸಿ ಬೇರ್ಪಡಿಸಿ ಅಗ್ಗಕ್ಕೆ ಮಾರುವ ಭಾಗದಲ್ಲೇ ಸ್ಯಾಪೋನಿನ್ ಅಂಶ ಜಾಸ್ತಿ. ಮನುಷ್ಯನಂತೆ ಕಾಣುವ ಬೇರಿಗೆ ಕೊಡುವ ಹೆಚ್ಚಿನ ಹಣ ಅಲಂಕಾರಕ್ಕೆ, ಉಡುಗೊರೆಯ ಗೌರವಕ್ಕೆ, ಔಷಧಕ್ಕಲ್ಲ.

ಹೋಳುಗಳಿಗಿಂತ ಪುಡಿಯಲ್ಲಿ ಮೋಸ ಸುಲಭ, ಏಕೆಂದರೆ ಪುಡಿಯಾದ ಮೇಲೆ ಯಾವ ಬೇರೂ ಕಣ್ಣಿಗೆ ಗುರುತು ಸಿಗುವುದಿಲ್ಲ. ಚೀನಾದಲ್ಲೇ ವಿಷಕಾರಿ ಫೈಟೊಲಾಕಾದ ಬೇರನ್ನು ಜಿನ್ಸೆಂಗ್ ಎಂದು ಭ್ರಮಿಸಿ ತಿಂದು ಅಸ್ವಸ್ಥರಾದವರಿದ್ದಾರೆ. ಏಷ್ಯಾದ ಬೇರಿನ ಹೋಳನ್ನು ಅಮೆರಿಕದ್ದೆಂದು ಮಾರುವುದು ಬಹಳ ಹಳೆಯ ಚಾಳಿ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಈ ಬೇರುಗಳ ಪರಿಚಯ ಅಷ್ಟಾಗಿ ಇಲ್ಲದಿರುವುದರಿಂದ, ಬಿಡಿಯಾಗಿ ಕೊಳ್ಳುವುದಕ್ಕಿಂತ ಶಾಸ್ತ್ರೀಯ ಹೆಸರು, ಗಿಡದ ಭಾಗ ಮತ್ತು ಜಿನ್ಸೆನೊಸೈಡ್‌ನ ಶೇಕಡಾ ಪ್ರಮಾಣ ಮುದ್ರಿಸಿರುವ ಮುಚ್ಚಿದ ಡಬ್ಬಿಯನ್ನು ಆರಿಸಿಕೊಳ್ಳುವುದು ಸುರಕ್ಷಿತ.

ಮಲ್ಟಿವಿಟಮಿನ್ ಗುಳಿಗೆಗಳ ವಿಷಯ ಒಂದೇ ಲೆಕ್ಕದಲ್ಲಿ ಮುಗಿಯುತ್ತದೆ. ಯುರೋಪಿನಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದ, ಶೇ. 4ರಷ್ಟು ಜಿನ್ಸೆನೊಸೈಡ್ ಇರುವ ಪ್ರಮಾಣೀಕೃತ ಸಾರದ ದಿನದ ಪ್ರಮಾಣ 200 ಮಿಲಿಗ್ರಾಂ. ನಮ್ಮಲ್ಲಿನ ಹಲವು ಗುಳಿಗೆಗಳ ಪಟ್ಟಿಯಲ್ಲಿ ಕಾಣುವುದು 42.5 ಮಿಲಿಗ್ರಾಂ. ಆ ಗುಳಿಗೆಯಿಂದ ಚೈತನ್ಯ ಬಂದಂತಾದರೆ ಅದಕ್ಕೆ ಕಾರಣ ವಿಟಮಿನ್ ಬಿ12 ಕೊರತೆ ನೀಗಿದ್ದಿರಬಹುದು; ಜಿನ್ಸೆಂಗ್‌ಗಾಗಿಯೇ ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಯಾರಿಗೆ ಯಾವುದೂ ಬೇಡ

ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇವುಗಳಲ್ಲಿ ಯಾವುದನ್ನೂ ಕೊಡಬಾರದು. ಐದು ವರ್ಷದೊಳಗಿನ ಸಾಗುವಳಿ ಜಿನ್ಸೆಂಗ್ ಅನ್ನು ಆಹಾರವಾಗಿ ಬಳಸಲು 2012ರಲ್ಲಿ ಅನುಮತಿ ಕೊಟ್ಟಾಗ ಚೀನಾ ಸರ್ಕಾರವೇ ದಿನಕ್ಕೆ 3 ಗ್ರಾಂ ಮಿತಿ ಹಾಕಿ, ಈ ಇಬ್ಬರು ಸ್ತ್ರೀಯರನ್ನೂ 14 ವರ್ಷದೊಳಗಿನ ಮಕ್ಕಳನ್ನೂ ಹೊರಗಿಟ್ಟಿತು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ತೆಗೆದುಕೊಳ್ಳುವವರ ಸಂಗತಿ ಇನ್ನೂ ಗಂಭೀರ. 2004ರಲ್ಲಿ ಆರೋಗ್ಯವಂತ 20 ಸ್ವಯಂಸೇವಕರ ಮೇಲೆ ನಡೆದ ಅಧ್ಯಯನದಲ್ಲಿ ಅಮೆರಿಕನ್ ಜಿನ್ಸೆಂಗ್ ವಾರ್ಫರಿನ್‌ನ ಪರಿಣಾಮವನ್ನು ಕುಗ್ಗಿಸಿತು; ಕೃತಕ ಹೃದಯಕವಾಟ ಇರುವವರಲ್ಲಿ ಇದು ಪ್ರಾಣಾಪಾಯಕ್ಕೆ ಸಮ. ಖಿನ್ನತೆಗೆ ಫೆನೆಲ್ಜೀನ್ ತೆಗೆದುಕೊಳ್ಳುತ್ತಿದ್ದವರಲ್ಲಿ ತಲೆನೋವು, ನಡುಕ, ಉನ್ಮಾದದ ಲಕ್ಷಣಗಳು, ಇಮಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆಯೊಂದಿಗೆ ಯಕೃತ್ತಿಗೆ ಹಾನಿ ವರದಿಯಾಗಿವೆ. ರುಮಟಾಯ್ಡ್ ಸಂಧಿವಾತದಂತಹ ಸ್ವಯಂನಿರೋಧಕ ಕಾಯಿಲೆ, ಅಂಗಾಂಗ ಕಸಿ, ಹಾರ್ಮೋನ್ ಸಂಬಂಧಿ ಸ್ತನ ಕ್ಯಾನ್ಸರ್ ಇರುವವರು ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ಜ್ವರ, ಹೊಸ ನೆಗಡಿ ಇರುವಾಗ ಜಿನ್ಸೆಂಗ್ ನಿಲ್ಲಿಸಬೇಕೆಂಬುದು ಚೀನೀ ವೈದ್ಯರದೇ ನಿಯಮ. ಮೂಲಂಗಿ ಬೇಡವೆಂಬ ಅವರ ಪಥ್ಯವನ್ನು ಪಾಲಿಸುವುದು ಬಿಡುವುದು ನಿಮ್ಮ ಇಷ್ಟ.

ಹಾಗಾದರೆ ಆರಿಸುವುದು ಹೇಗೆ

ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ, ಕಾಯಿಲೆಯಿಂದೆದ್ದು ಸುಸ್ತು ಹೋಗದ, ಉಷ್ಣದ ದೇಹದ ಮಧ್ಯವಯಸ್ಕರಿಗೆ ದಿನಕ್ಕೆ ಸುಮಾರು 2 ಗ್ರಾಂ ಅಮೆರಿಕನ್ ಜಿನ್ಸೆಂಗ್ ಅನ್ನು ಬೆಳಗ್ಗೆ ತೆಗೆದುಕೊಂಡು, ಎಂಟು ವಾರ ನೋಡುವುದು ನಾನು ಮೊದಲು ಸೂಚಿಸುವ ಆಯ್ಕೆ. ಅದಕ್ಕೂ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ಪರೀಕ್ಷೆ ಮಾಡಿಸಿರಬೇಕು. ರಕ್ತಹೀನತೆಯ ಸುಸ್ತಿಗೆ ಯಾವ ಬೇರೂ ಕಬ್ಬಿಣದ ಮಾತ್ರೆಯ ಕೆಲಸ ಮಾಡುವುದಿಲ್ಲ. ಚಳಿಯ ದೇಶದಲ್ಲಿರುವ, ರಕ್ತದೊತ್ತಡ ಹತೋಟಿಯಲ್ಲಿರುವ, ಸದಾ ಕೈಕಾಲು ತಣ್ಣಗೆ ಎನ್ನುವ ಹಿರಿಯರಿಗೆ ಕೆಂಪನ್ನು ಅಲ್ಪ ಪ್ರಮಾಣದಲ್ಲಿ ಪ್ರಯತ್ನಿಸಬಹುದು. ಇವೆರಡರ ನಡುವೆ ನಿಲ್ಲುವ ಬಿಳಿಯನ್ನು ದಿನಕ್ಕೆ 1ರಿಂದ 2 ಗ್ರಾಂ ಮೀರದಂತೆ, ಮೂರು ತಿಂಗಳು ದಾಟದಂತೆ ಬಳಸಬಹುದೆಂಬುದು ಜರ್ಮನಿಯ ಮೂಲಿಕಾ ಆಯೋಗದ ಹಳೆಯ ಸೂಚನೆ; ಇಂದಿಗೂ ಅದು ವಿವೇಕದ್ದೇ.

ಉಡುಗೊರೆಯಾಗಿ ಬಂದ ಕೆಂಪು ಸಾರ ಮನೆಯಲ್ಲಿ ಈಗಾಗಲೇ ಇದ್ದರೆ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದ ಅರ್ಧದಿಂದ ಆರಂಭಿಸಿ, ಸಂಜೆಯ ನಂತರ ತೆಗೆದುಕೊಳ್ಳದೆ, ಮೊದಲ ಎರಡು ವಾರ ರಕ್ತದೊತ್ತಡವನ್ನು ಅಳೆಯುತ್ತಿರಬೇಕು. ನಿದ್ದೆ ಕೆಟ್ಟರೆ ಅಥವಾ ಒತ್ತಡ ಏರಿದರೆ ಅಲ್ಲಿಗೇ ನಿಲ್ಲಿಸಬೇಕು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಕನಿಷ್ಠ 7 ದಿನ ಮುಂಚೆ ಎಲ್ಲ ಬಗೆಯ ಜಿನ್ಸೆಂಗ್ ಬಿಟ್ಟು, ಅರಿವಳಿಕೆ ಕೊಡುವ ವೈದ್ಯರಿಗೆ ಯಾವ ಬೇರು, ಎಷ್ಟು ದಿನದಿಂದ ಎಂಬುದನ್ನು ಡಬ್ಬಿ ತೋರಿಸಿಯೇ ತಿಳಿಸಬೇಕು.